ರೋಗವನ್ನು ಬಚ್ಚಿಡಬೇಡಿ

(ಜುಮಾ ಭಾಷಣದ ಸಂಗ್ರಹ)

 



ಮದುವೆಯ ದಿನಗಳು ಬಂದಿವೆ. ಗಲ್ಫಿನಲ್ಲಿರುವ ನಮ್ಮ ಮಕ್ಕಳು, ತಮ್ಮಂದಿರು ರಜೆಯಲ್ಲಿ ಊರಿಗೆ ಬಂದಿದ್ದಾರೆ. ಇಂದು ಸಫ್‌ಗಳಲ್ಲಿ ಹೊಸ ಮುಖಗಳು ಕಾಣುತ್ತಿವೆ, ಸಂತೋಷ. ನಮಾಝ್ ಮುಗಿದ ಕೂಡಲೇ ಕೈ ಹಿಡಿದು ಸಲಾಂ ಹೇಳುತ್ತೇವೆ, ವರ್ಷಗಳ ಮೇಲೆ ಸಿಕ್ಕಿದವರನ್ನು ಎದೆಗಪ್ಪಿಕೊಳ್ಳುತ್ತೇವೆ. ಈ ಅಪ್ಪುಗೆಯ ದಿನಗಳಲ್ಲೇ ಒಂದು ಕಾಯಿಲೆಯ ಬಗ್ಗೆ ಮಾತಾಡಬೇಕೆಂದು ನಮಗೆ ಅನ್ನಿಸಿತು. ಎಂಪಾಕ್ಸ್. ಪತ್ರಿಕೆಗಳು ಇದನ್ನೇ ಮಂಕಿಪಾಕ್ಸ್, ಮಂಗನ ಸಿಡುಬು ಎಂದೆಲ್ಲ ಬರೆದವು.

ಅದೆಲ್ಲ ಮುಗಿದ ಕಥೆಯಲ್ಲವೇ ಉಸ್ತಾದ್ ಎಂದು ಒಬ್ಬರು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಈ ಕಾಯಿಲೆಗಾಗಿ ಎರಡು ಬಾರಿ ಜಾಗತಿಕ ತುರ್ತುಸ್ಥಿತಿ ಘೋಷಿಸಿತ್ತು. ಮೊದಲನೆಯದು 2022ರ ಜುಲೈಯಲ್ಲಿ, ಅದು 2023ರ ಮೇಯಲ್ಲಿ ಮುಗಿಯಿತು. ಎರಡನೆಯದು 2024ರ ಆಗಸ್ಟ್‌ನಲ್ಲಿ, ಅದನ್ನು 2025ರ ಸೆಪ್ಟೆಂಬರ್‌ನಲ್ಲಿ ಹಿಂತೆಗೆದುಕೊಂಡರು. ಮುಗಿದದ್ದು ತುರ್ತುಸ್ಥಿತಿ. ಕಾಯಿಲೆ ಇನ್ನೂ ಇದೆ. ಮಳೆ ನಿಂತಿತೆಂದು ಬಾವಿಯ ನೀರು ಅಂದೇ ಇಳಿಯುವುದಿಲ್ಲವಲ್ಲ.

ಇದು ದೂರದ ಆಫ್ರಿಕಾದ ಮಾತು ಎಂದೂ ಯಾರೂ ತಿಳಿಯಬೇಡಿ. 2022ರ ಜುಲೈಯಲ್ಲಿ ಭಾರತದ ಮೊದಲ ಪ್ರಕರಣ ಪತ್ತೆಯಾದದ್ದು ಕೇರಳದ ಕೊಲ್ಲಂನಲ್ಲಿ, ಯುಎಇಯಿಂದ ಬಂದವರಲ್ಲಿ. ಎರಡನೆಯವರು ಕಣ್ಣೂರಿನವರು. ಅವರು ದುಬೈಯಿಂದ ಬಂದು ಇಳಿದದ್ದು ನಮ್ಮ ಮಂಗಳೂರು ವಿಮಾನ ನಿಲ್ದಾಣದಲ್ಲೇ. 2025ರ ಜನವರಿಯಲ್ಲಿ ದುಬೈಯಿಂದ ಮಂಗಳೂರಿಗೆ ಬಂದ ನಮ್ಮ ಕರಾವಳಿಯವರೊಬ್ಬರಲ್ಲೂ ಇದು ದೃಢಪಟ್ಟಿತು. ನಾವು ಏರುವ ವಿಮಾನ, ನಾವು ಇಳಿಯುವ ನಿಲ್ದಾಣ. ಹಾಗಾಗಿ ನಮಗೆ ಇದರ ತಿಳಿವಳಿಕೆ ಇರಬೇಕು, ಗಾಬರಿ ಬೇಡ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಮಲೆನಾಡಿನ ಕಡೆಯವರಿಗೆ ಮಂಗನ ಕಾಯಿಲೆ ಗೊತ್ತು. ಅದು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆ ಕಚ್ಚಿ ಬರುವ ಜ್ವರ. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಎಂಪಾಕ್ಸಿನ ವೈರಸ್ ಹಳೆಯ ಸಿಡುಬಿನ ವೈರಸ್ಸಿನ ಸಂಬಂಧಿ. 1958ರಲ್ಲಿ ಡೆನ್ಮಾರ್ಕಿನ ಪ್ರಯೋಗಾಲಯದಲ್ಲಿದ್ದ ಮಂಗಗಳಲ್ಲಿ ಮೊದಲು ಕಂಡದ್ದರಿಂದ ಮಂಗನ ಹೆಸರು ಅಂಟಿತು. ಪಾಪ, ಮಂಗಗಳಿಗಿಂತ ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳ ಮೇಲೇ ವಿಜ್ಞಾನಿಗಳಿಗೆ ಹೆಚ್ಚು ಸಂಶಯ. ಆ ಹೆಸರು ಹಿಡಿದು ಜನ ರೋಗಿಗಳನ್ನು ಹೀಯಾಳಿಸತೊಡಗಿದಾಗ 2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಸರನ್ನೇ ಬದಲಾಯಿಸಿತು. ಅಡ್ಡಹೆಸರಿಟ್ಟು ಕರೆಯಬಾರದೆಂದು ಸೂರಃ ಅಲ್ ಹುಜುರಾತ್ ನಮಗೆ ಎಂದೋ ಕಲಿಸಿದೆ.

ಇದು ಹರಡುವುದು ಮುಖ್ಯವಾಗಿ ಹತ್ತಿರದ ಸ್ಪರ್ಶದಿಂದ. ರೋಗಿಯ ಗುಳ್ಳೆ, ಹುಣ್ಣು, ಅದರ ಹಕ್ಕಳೆ ಮೈಗೆ ತಗುಲಿದರೆ ಬರಬಹುದು. ಗಂಡ ಹೆಂಡಿರ ಸಂಪರ್ಕದಿಂದ ಬರಬಹುದು. ಬಹಳ ಹತ್ತಿರ ಕುಳಿತು ಹೆಚ್ಚು ಹೊತ್ತು ಮಾತಾಡಿದರೆ ಉಸಿರಿನ ತುಂತುರಿನಿಂದಲೂ ಬರಬಹುದು. ರೋಗಿ ಬಳಸಿದ ಟವೆಲ್, ಚಾದರ, ದಿಂಬು, ಬಟ್ಟೆಯಿಂದ ಬರಬಹುದು. ಗರ್ಭಿಣಿಯಿಂದ ಹೊಟ್ಟೆಯ ಮಗುವಿಗೂ ದಾಟಬಹುದು. ಕೊರೋನಾದಂತೆ ದಾರಿಯಲ್ಲಿ ಹೋಗುವಾಗ ತಟ್ಟನೆ ತಗುಲುವ ಕಾಯಿಲೆಯಂತೂ ಅಲ್ಲ.

ವೈರಸ್ ದೇಹ ಹೊಕ್ಕ ಮೇಲೆ ಮೂರು ದಿನದಿಂದ 21 ದಿನದೊಳಗೆ ಲಕ್ಷಣ ಕಾಣುತ್ತದೆ. ಜ್ವರ, ತಲೆನೋವು, ಮೈಕೈ ನೋವು, ಬೆನ್ನುನೋವು, ತುಂಬಾ ಸುಸ್ತು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಂಟು ಬಾತುಕೊಳ್ಳುತ್ತದೆ. ಇದನ್ನು ಸ್ವಲ್ಪ ನೆನಪಿಡಿ. ಮತ್ತೆ ಮೈಮೇಲೆ ಕಲೆಗಳು. ಮೊದಲು ಚಪ್ಪಟೆ ಕಲೆ, ನಂತರ ಉಬ್ಬಿದ ಗುಳ್ಳೆ, ಅದರಲ್ಲಿ ನೀರು, ಆಮೇಲೆ ಕೀವು, ಕೊನೆಗೆ ಒಣಗಿ ಹಕ್ಕಳೆ. ಮುಖ, ಅಂಗೈ, ಅಂಗಾಲು, ಬಾಯಿಯ ಒಳಗೆ, ಗುಪ್ತಾಂಗಗಳ ಸುತ್ತ ಬರಬಹುದು. ಕೆಲವರಿಗೆ ಜ್ವರವೇ ಇರುವುದಿಲ್ಲ, ಗುಪ್ತಾಂಗದ ಬಳಿ ಒಂದೆರಡು ಗುಳ್ಳೆ ಮಾತ್ರ. ಅಂಥವರೇ ಹೆಚ್ಚು ಬಚ್ಚಿಡುವವರು.

ಸೀತಾಳೆ ಸಿಡುಬಿಗೂ, ಅಂದರೆ ಚಿಕನ್‌ಪಾಕ್ಸ್‌ಗೂ ಇದಕ್ಕೂ ವ್ಯತ್ಯಾಸವೇನು? ಸೀತಾಳೆಯಲ್ಲಿ ತುರಿಕೆ ಹೆಚ್ಚು, ಗುಳ್ಳೆಗಳು ಎದೆ ಬೆನ್ನಿನ ಮೇಲೆ ಹೆಚ್ಚು, ಅಂಗೈ ಅಂಗಾಲಲ್ಲಿ ಕಡಿಮೆ, ಗಂಟು ಬಾತುಕೊಳ್ಳುವುದು ಅಪರೂಪ. ಆದರೆ ಇದನ್ನು ನೋಡಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ವೈದ್ಯರಿಗೇ ಕೆಲವೊಮ್ಮೆ ಕಣ್ಣಿನಿಂದ ನೋಡಿ ಹೇಳಲು ಕಷ್ಟ. ಗುಳ್ಳೆಯಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಮಂಗಳೂರಿನ ಆ ಪ್ರಕರಣ ಖಚಿತವಾದದ್ದೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ. ಹೀಗಿರುವಾಗ ಮೆಡಿಕಲ್ ಶಾಪಿನ ಹುಡುಗನಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿ ಮುಲಾಮು ತಂದು ಹಚ್ಚುವುದು ಸರಿಯೇ?

ಈಗ ಒಂದು ಘಟನೆ ಹೇಳುತ್ತೇವೆ. ಇದರಲ್ಲಿ ತಪ್ಪು ನಮ್ಮದೂ ಇದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಯುವಕ ರಜೆಯಲ್ಲಿ ಊರಿಗೆ ಬಂದ. ಬಂದ ನಾಲ್ಕೈದು ದಿನಕ್ಕೆ ಕೋಣೆ ಸೇರಿದ, ಮಸೀದಿಗೆ ಬರುವುದನ್ನು ನಿಲ್ಲಿಸಿದ. ಒಂದು ದಿನ ಮಗ್ರಿಬ್ ನಂತರ ಅವನ ಉಮ್ಮ ಮಗಳ ಕೈಯಲ್ಲಿ ಒಂದು ಬಾಟಲಿ ನೀರು ಕಳಿಸಿದರು, ಉಸ್ತಾದ್ ಓದಿ ಊದಿ ಕೊಡಬೇಕಂತೆ ಎಂದು. ನಾವು ಓದಿದೆವು, ಊದಿದೆವು, ಕೊಟ್ಟೆವು. ಯಾರಿಗೆ, ಏನಾಗಿದೆ ಎಂದು ಕೇಳಲಿಲ್ಲ. ಡಾಕ್ಟರಿಗೆ ತೋರಿಸಿದಿರಾ ಎಂಬ ಒಂದು ಮಾತು ನಮ್ಮ ಬಾಯಿಂದ ಬರಲಿಲ್ಲ. ಮತ್ತೆ ಎರಡು ಬಾರಿ ಬಾಟಲಿ ಬಂತು, ಎರಡು ಬಾರಿಯೂ ಹಾಗೆಯೇ ಕೊಟ್ಟೆವು.

ಅಷ್ಟರಲ್ಲಿ ಊರಿನ ಯಾವುದೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಓಡಾಡಿತು. ಹುಡುಗ ಅಲ್ಲಿ ಏನು ಮಾಡುತ್ತಿದ್ದನೋ, ಆ ಕಾಯಿಲೆ ತಂದಿದ್ದಾನೆ ಎಂಬ ಧಾಟಿ. ತಂಗಿಯ ನಿಶ್ಚಿತಾರ್ಥ ಗೊತ್ತಾಗಿತ್ತು. ಆ ಮನೆಯವರು ಬಾಗಿಲು ಹಾಕಿಕೊಂಡರು. ಆಸ್ಪತ್ರೆಗೆ ಹೋದರೆ ಮಾತು ನಿಜವಾದಂತೆ ಎಂದು ಹೆದರಿದರು. ಕೊನೆಗೆ ಅದು ಸೀತಾಳೆ ಸಿಡುಬೇ ಆಗಿತ್ತು. ಆದರೆ ಅವನ ಉಪ್ಪನಿಗೆ ಸಕ್ಕರೆ ಕಾಯಿಲೆ, ಎಳೆಯ ವಯಸ್ಸಿನಲ್ಲಿ ಸೀತಾಳೆ ಬಂದಿರಲಿಲ್ಲ. ಮಗನಿಂದ ಅವರಿಗೆ ದಾಟಿತು, ಶ್ವಾಸಕೋಶಕ್ಕೆ ಇಳಿಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದರು, ಅಲ್‌ಹಮ್ದುಲಿಲ್ಲಾಹ್. ನೋಡಲು ಹೋದಾಗ ಆ ಉಮ್ಮ ನಮ್ಮ ಬಳಿ ಒಂದೇ ಮಾತು ಹೇಳಿದರು: "ನೀವಾದರೂ ಹೋಗಿ ಎಂದು ಹೇಳಿದ್ದರೆ ನಾವು ಹೋಗುತ್ತಿದ್ದೆವು ಉಸ್ತಾದ್."

ಆ ಮಾತು ನಮ್ಮೊಳಗೆ ಇನ್ನೂ ಇದೆ. ಈಗ ಯಾರಾದರೂ ನೀರು ತಂದರೆ ಓದಿ ಕೊಡುತ್ತೇವೆ, ಡಾಕ್ಟರ್ ಏನು ಹೇಳಿದರು ಎಂದು ಕೇಳಿಯೇ ಕೊಡುತ್ತೇವೆ. ದುಆ ಮತ್ತು ಔಷಧಿ ಒಂದಕ್ಕೊಂದು ವಿರೋಧವಲ್ಲ. ನಾವು ಚಿಕಿತ್ಸೆ ಮಾಡಿಸಿಕೊಳ್ಳಬೇಕೇ ಎಂದು ಗ್ರಾಮೀಣ ಅರಬರು ಬಂದು ಕೇಳಿದಾಗ ಪ್ರವಾದಿ(ಸ)ರು ಹೌದು ಎಂದರು. ಮುಪ್ಪು ಒಂದನ್ನು ಬಿಟ್ಟು ಉಳಿದ ಎಲ್ಲ ರೋಗಕ್ಕೂ ಅಲ್ಲಾಹನು ಔಷಧಿ ಇಟ್ಟಿದ್ದಾನೆಂದು ತಿಳಿಸಿದರು. ತಿರ್ಮಿದಿ, ಅಬೂದಾವೂದ್ ಗ್ರಂಥಗಳಲ್ಲಿ ಈ ಹದೀಸ್ ಇದೆ.

ಬಚ್ಚಿಡುವುದರ ಬೆಲೆ ಇದಕ್ಕಿಂತ ದೊಡ್ಡದಾದ ಉದಾಹರಣೆಯೂ ಇದೆ. 2022ರ ಜುಲೈ ಕೊನೆಯಲ್ಲಿ ತೃಶೂರು ಜಿಲ್ಲೆಯಲ್ಲಿ ಯುಎಇಯಿಂದ ಬಂದಿದ್ದ ಯುವಕನೊಬ್ಬ ತೀರಿಕೊಂಡ. ಇದು ಭಾರತದಲ್ಲಿ ಈ ಕಾಯಿಲೆಯಿಂದ ಸಂಭವಿಸಿದ ಮೊದಲ ಮರಣ. ವಿದೇಶದಲ್ಲೇ ಪರೀಕ್ಷೆಯಾಗಿ ಸೋಂಕು ಖಚಿತವಾಗಿತ್ತು. ಆ ವರದಿ ಇಲ್ಲಿನ ವೈದ್ಯರಿಗೆ ಸಿಕ್ಕಿದ್ದು ತೀರಾ ತಡವಾಗಿ. ಜೊತೆಗಿದ್ದ ಬಂಧುಗಳು, ಗೆಳೆಯರನ್ನು ನಿಗಾದಲ್ಲಿಡಬೇಕಾಯಿತು. ತೀರಿಕೊಂಡವರ ಬಗ್ಗೆ ನಾವು ಕೆಟ್ಟದ್ದು ಆಡುವುದಿಲ್ಲ. ಪ್ರಾಯದ ಹುಡುಗ, ಹೆದರಿರಬಹುದು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಅವನಂಥವರು ಯಾರಿಗೆ ಹೆದರುತ್ತಾರೆ? ವೈರಸ್ಸಿಗಲ್ಲ. ನಿಮ್ಮ ಮತ್ತು ನಮ್ಮ ನಾಲಿಗೆಗೆ.

2024ರ ಸೆಪ್ಟೆಂಬರ್‌ನಲ್ಲಿ ಮಲಪ್ಪುರಂನಲ್ಲಿ ಬೇರೆ ರೀತಿ ನಡೆಯಿತು. ಯುಎಇಯಿಂದ ಬಂದ ಒಬ್ಬರು ಲಕ್ಷಣ ಕಂಡ ಮೇಲೆ ತಾವಾಗಿ ಮನೆಯವರಿಂದ ದೂರವಿದ್ದು ಆಸ್ಪತ್ರೆ ಸೇರಿದರೆಂದು ವರದಿಯಾಗಿತ್ತು. 1ಬಿ ಎಂದು ಕರೆಯುವ, ಎರಡನೇ ತುರ್ತುಸ್ಥಿತಿಗೆ ಮುಖ್ಯ ಕಾರಣವಾದ ತಳಿ ಭಾರತದಲ್ಲಿ ಮೊದಲು ಕಂಡದ್ದು ಅವರಲ್ಲೇ.

ಕೆಲವರು ಹೇಳುವುದುಂಟು: ಸಾಂಕ್ರಾಮಿಕತೆ ಎಂಬುದಿಲ್ಲ ಎಂದು ಹದೀಸಿನಲ್ಲೇ ಇದೆ, ಎಲ್ಲ ಅಲ್ಲಾಹನ ವಿಧಿ, ಮತ್ತೆ ಈ ಎಚ್ಚರಿಕೆ ಯಾಕೆ? ಹದೀಸ್ ಇರುವುದು ನಿಜ. ಆದರೆ ರೋಗ ಬಂದ ಒಂಟೆಗಳನ್ನು ಆರೋಗ್ಯದ ಒಂಟೆಗಳ ಬಳಿಗೆ ತರಬಾರದೆಂದೂ ಪ್ರವಾದಿ(ಸ)ರೇ ಹೇಳಿದ್ದಾರೆ. ಪ್ಲೇಗ್ ಬಂದ ಊರಿಗೆ ಹೋಗಬೇಡಿ, ಇದ್ದ ಊರಲ್ಲಿ ಬಂದರೆ ಅಲ್ಲಿಂದ ಓಡಬೇಡಿ ಎಂದು ಕಲಿಸಿದವರೂ ಅವರೇ. ರೋಗ ತನ್ನ ಸ್ವಂತ ಶಕ್ತಿಯಿಂದ, ಅಲ್ಲಾಹನ ಇಚ್ಛೆಯಿಲ್ಲದೆ ಹರಡುತ್ತದೆ ಎಂಬ ಅಜ್ಞಾನಕಾಲದ ನಂಬಿಕೆಯನ್ನು ಮೊದಲಿನ ಹದೀಸ್ ತಿದ್ದುತ್ತದೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಅರ್ಧ ಓದಿ ಫತ್ವಾ ಕೊಡುವುದು ನಮ್ಮಲ್ಲಿ ಬಹಳ ಇದೆ.

ಉಮರ್(ರ)ರ ಕಾಲದಲ್ಲಿ ಶಾಮಿನಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿತು. ಖಲೀಫರು ಸರ್ಗ್ ಎಂಬಲ್ಲಿವರೆಗೆ ಬಂದಿದ್ದರು. ಸುದ್ದಿ ತಿಳಿದು ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡು ಇರುವ ಕಣಿವೆಗೆ ಒಂಟೆಗಳೊಂದಿಗೆ ಇಳಿದವನು ಎಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯಂತೆಯೇ ಮೇಯಿಸುತ್ತಾನಲ್ಲವೇ ಎಂದು ಅವರು ಕೇಳಿದರು. ಅಬೂ ಉಬೈದಾ(ರ) ತಮ್ಮ ಜನರೊಂದಿಗೆ ಶಾಮಿನಲ್ಲೇ ಉಳಿದು ಆ ಪ್ಲೇಗಿನಲ್ಲೇ ಮರಣ ಹೊಂದಿದರು. ಆಮೇಲೆ ನಾಯಕತ್ವ ವಹಿಸಿದ ಅಮ್ರ್ ಬಿನ್ ಆಸ್(ರ) ಜನರನ್ನು ಗುಡ್ಡಗಳಿಗೆ ಚದುರಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ.

ಆದರೆ ನಮಗೆ ಇಂದು ಹೆಚ್ಚು ಬೇಕಾದದ್ದು ಸಖೀಫ್ ಗೋತ್ರದ ನಿಯೋಗದ ಘಟನೆ. ಅದರಲ್ಲಿ ಕುಷ್ಠರೋಗಿಯೊಬ್ಬರಿದ್ದರು. ಬೈಅತ್ ಮಾಡಲು ಬಂದವರು. ಬೈಅತ್ ಎಂದರೆ ಕೈಗೆ ಕೈ ಕೊಡಬೇಕು. ಪ್ರವಾದಿ(ಸ)ರು ಅವರಿಗೆ ಹೇಳಿ ಕಳಿಸಿದರು, ನಿಮ್ಮ ಬೈಅತನ್ನು ಸ್ವೀಕರಿಸಿದ್ದೇವೆ, ನೀವು ಹಿಂದಿರುಗಬಹುದು ಎಂದು. ಸಹೀಹ್ ಮುಸ್ಲಿಮಿನಲ್ಲಿದೆ. ಎರಡು ವಿಷಯ ನೋಡಿ. ಕೈ ಮುಟ್ಟುವ ಸಂದರ್ಭವನ್ನು ತಪ್ಪಿಸಿದರು. ಆದರೆ ಬೈಅತ್ ನಿರಾಕರಿಸಲಿಲ್ಲ, ಏನು ಪಾಪ ಮಾಡಿದ್ದೆ ಎಂದು ಕೇಳಲಿಲ್ಲ, ನಾಲ್ಕು ಜನರ ಮುಂದೆ ನಿಲ್ಲಿಸಲಿಲ್ಲ. ನಾವು ಎರಡನ್ನೂ ತಲೆಕೆಳಗು ಮಾಡಿಕೊಂಡಿದ್ದೇವೆ. ಗುಳ್ಳೆ ಇಟ್ಟುಕೊಂಡು ಮದುವೆ ಹಾಲಿನಲ್ಲಿ ಎಲ್ಲರನ್ನೂ ಅಪ್ಪಿಕೊಳ್ಳುತ್ತೇವೆ. ಇನ್ನೊಬ್ಬರಿಗೆ ಬಂದಿದೆ ಎಂದು ತಿಳಿದರೆ ಅವರ ಚಾರಿತ್ರ್ಯ ಹುಡುಕಲು ಹೊರಡುತ್ತೇವೆ.

ಈ ಚಾರಿತ್ರ್ಯದ ಮಾತನ್ನು ನೇರವಾಗಿಯೇ ಹೇಳಬೇಕು. ಲೈಂಗಿಕ ಸಂಪರ್ಕದಿಂದ ಈ ಕಾಯಿಲೆ ಹರಡುವುದು ಸತ್ಯ. 2022ರಲ್ಲಿ ಹಲವು ದೇಶಗಳಲ್ಲಿ ಹೆಚ್ಚಾಗಿ ಹರಡಿದ್ದು ಹಾಗೆಯೇ. ವ್ಯಭಿಚಾರ ಹರಾಮ್, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಗುಳ್ಳೆ ನೋಡಿ ಪಾಪ ಓದಲು ನಮಗೆ ಯಾರು ಅಧಿಕಾರ ಕೊಟ್ಟರು? ಮನುಷ್ಯರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾದದ್ದು 1970ರಲ್ಲಿ, ಕಾಂಗೋದಲ್ಲಿ. ಆ ರೋಗಿ ಒಂಬತ್ತು ತಿಂಗಳ ಶಿಶು. ಆ ಕೂಸಿನ ಚಾರಿತ್ರ್ಯ ಏನು? ಒಂದೇ ಕೋಣೆಯಲ್ಲಿ ಎಂಟು ಮಂಚ ಹಾಕಿ ಮಲಗುವ ನಮ್ಮ ಗಲ್ಫಿನ ಹುಡುಗರಿಗೆ ಪಕ್ಕದವನ ಹೊದಿಕೆಯಿಂದಲೂ ತಗುಲಬಹುದು. ರೋಗಿಗೂ ಒಂದು ಮಾತು. ವೈದ್ಯರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ತೌಬಾ ಮಾಡುವುದಿದ್ದರೆ ಅದು ನಿಮ್ಮ ಮತ್ತು ಅಲ್ಲಾಹನ ನಡುವಿನ ಮಾತು. ಯಾರ ಜೊತೆ, ಎಷ್ಟು ಹತ್ತಿರವಿದ್ದಿರಿ ಎಂಬುದು ವೈದ್ಯರಿಗೆ ಗೊತ್ತಾಗಬೇಕು, ಇಲ್ಲವಾದರೆ ನಿಮ್ಮ ಹೆಂಡತಿ, ಮಕ್ಕಳನ್ನು ಯಾರು ಕಾಪಾಡುವುದು?

ಇನ್ನು ಲಕ್ಷಣ ಕಂಡರೆ ಮಾಡಬೇಕಾದದ್ದು. ವಿದೇಶದಿಂದ ಬಂದವರು ಅಥವಾ ರೋಗಿಯ ಹತ್ತಿರವಿದ್ದವರು 21 ದಿನ ತಮ್ಮ ಮೈಯನ್ನು ಗಮನಿಸಿಕೊಳ್ಳಿ. ಊರಿಗೆ ಬಂದವರೆಲ್ಲ ಕೋಣೆ ಸೇರಬೇಕೆಂದಲ್ಲ. ಜ್ವರ, ಗುಳ್ಳೆ ಕಂಡರೆ ಮಾತ್ರ ಬೇರೆ ಕೋಣೆಗೆ ಹೋಗಿ, ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿ, ಮಾಸ್ಕ್ ಹಾಕಿ, ಸರಕಾರಿ ಆಸ್ಪತ್ರೆಗೆ ಅಥವಾ ವೈದ್ಯರಿಗೆ ಮೊದಲೇ ಫೋನ್ ಮಾಡಿ ಹೋಗಿ. ಎಲ್ಲಿಂದ ಬಂದೆವು ಎಂಬುದನ್ನು ಕೇಳುವ ಮೊದಲೇ ಹೇಳಿ. ಏನು ಮಾಡಬೇಕೆಂದು ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ, ಊರಿನ ಆಶಾ ಕಾರ್ಯಕರ್ತೆ ಇದ್ದಾರೆ. ಹೆಚ್ಚಿನವರು ಎರಡರಿಂದ ನಾಲ್ಕು ವಾರಗಳಲ್ಲಿ ಗುಣವಾಗುತ್ತಾರೆ. ಹಕ್ಕಳೆ ಎಲ್ಲ ಉದುರಿ ಅಡಿಯಲ್ಲಿ ಹೊಸ ಚರ್ಮ ಬರುವವರೆಗೆ ಇತರರಿಗೆ ಹರಡಬಹುದು. ಜ್ವರ ಬಿಟ್ಟಿತೆಂದು ಮೊದಲೇ ಹೊರಗೆ ಬರಬೇಡಿ. ಸಣ್ಣ ಮಕ್ಕಳು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ ಹೆಚ್ಚು. ಕಣ್ಣಿನ ಬಳಿ ಗುಳ್ಳೆ ಎದ್ದರೆ, ಉಸಿರಾಟ ಕಷ್ಟವಾದರೆ, ಮಾತು ತಡವರಿಸಿದರೆ ಒಂದು ಗಂಟೆಯೂ ಕಾಯಬೇಡಿ.

ಮನೆಯಲ್ಲಿ ನೋಡಿಕೊಳ್ಳುವವರು ಒಬ್ಬರೇ ಇರಲಿ. ಹೆಚ್ಚಾಗಿ ಅದು ಉಮ್ಮ ಅಥವಾ ಹೆಂಡತಿ. ಅವರಿಗೆ ಕೈಗವಸು, ಮಾಸ್ಕ್ ತಂದುಕೊಡುವುದು ಗಂಡಸರ ಕೆಲಸ. ರೋಗಿಯ ಹಾಸಿಗೆ ಬಟ್ಟೆಯನ್ನು ಅಂಗಳದಲ್ಲಿ ಕೊಡವಬೇಡಿ, ಸುತ್ತಿ ತೆಗೆದು ಬಿಸಿನೀರು ಸೋಪಿನಲ್ಲಿ ಬೇರೆಯಾಗಿ ಒಗೆಯಿರಿ. ತಟ್ಟೆ, ಲೋಟ, ಟವೆಲ್ ಬೇರೆ ಇರಲಿ. ಕೈಯನ್ನು ಸೋಪು ಹಾಕಿ ತೊಳೆಯಿರಿ. ದಿನಕ್ಕೆ ಐದು ಬಾರಿ ವುಳೂ ಮಾಡುವ ನಮಗೆ ಇದು ಭಾರವಾಗಬಾರದು.

ಲಸಿಕೆಯ ಬಗ್ಗೆ ಕೇಳುತ್ತೀರಿ. ಲಸಿಕೆ ಇದೆ, ಆದರೆ ನಮ್ಮಲ್ಲಿ ಸಾರ್ವಜನಿಕರಿಗೆಲ್ಲ ಕೊಡುವ ಕ್ರಮ ಇಲ್ಲ. ಹಿರಿಯರ ತೋಳಿನಲ್ಲಿ ಹಳೆಯ ಸಿಡುಬಿನ ಚುಚ್ಚುಮದ್ದಿನ ಗುರುತಿದೆ. ಅವರಿಗೆ ಸ್ವಲ್ಪ ಮಟ್ಟಿಗೆ ರಕ್ಷಣೆ ಇರಬಹುದು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಘೋಷಣೆಯಾಯಿತು, ಆ ಚುಚ್ಚುಮದ್ದೂ ನಿಂತಿತು. ನಮ್ಮ ಪ್ರಾಯದವರ ತೋಳಿನಲ್ಲಿರುವುದು ಕ್ಷಯಕ್ಕೆ ಕೊಡುವ ಬಿಸಿಜಿಯ ಗುರುತು. ಅದನ್ನು ತೋರಿಸಿ ನನಗೇನೂ ಆಗದು ಎನ್ನುವವರನ್ನು ನಾವು ಕಂಡಿದ್ದೇವೆ.

ದೀನಿನ ವಿಷಯದಲ್ಲೂ ಕೆಲವರಿಗೆ ಕಳವಳ. ರೋಗಿಗೆ ಜುಮಾ ಕಡ್ಡಾಯವಲ್ಲ, ಮನೆಯಲ್ಲೇ ಲುಹರ್ ನಿರ್ವಹಿಸಬೇಕು. ಬೆಳ್ಳುಳ್ಳಿ ತಿಂದು ಬಾಯಿ ವಾಸನೆ ಇಟ್ಟುಕೊಂಡು ಮಸೀದಿಗೆ ಬರಬಾರದೆಂದು ಪ್ರವಾದಿ(ಸ)ರು ತಡೆದಿದ್ದಾರೆ. ವಾಸನೆಗೇ ಹಾಗಾದರೆ ಹರಡುವ ರೋಗಕ್ಕೆ? ಹುಣ್ಣಿಗೆ ನೀರು ತಗುಲಿದರೆ ತೊಂದರೆ ಎಂದು ವೈದ್ಯರು ಹೇಳಿದರೆ ತಯಮ್ಮುಮ್ ಇದೆ. ಅದರ ವಿವರ ನಮ್ಮ ಬಳಿ ಕೇಳಿ, ನಾಚಿಕೆ ಬೇಡ.

ನಮ್ಮ ಮಸೀದಿಯ ಹೌಳಿನ ಪಕ್ಕ ಎಲ್ಲರೂ ಮುಖ ಒರೆಸುವ ಒಂದು ಟವೆಲ್ ತೂಗುತ್ತಿತ್ತು, ಬಾಗಿಲಲ್ಲಿ ಟೊಪ್ಪಿಗಳ ಒಂದು ಬುಟ್ಟಿಯಿತ್ತು. ಎರಡನ್ನೂ ಈ ವಾರ ತೆಗೆಸಿದ್ದೇವೆ. ಎಂಪಾಕ್ಸ್ ಹಾಗಿರಲಿ, ಕಜ್ಜಿ, ಕೆಂಗಣ್ಣು ಹಂಚಲು ಅವೇ ಸಾಕಾಗಿದ್ದವು. ಹಳೆಯ ಟೊಪ್ಪಿ ಎಲ್ಲಿ ಎಂದು ಇಬ್ಬರು ಹಿರಿಯರು ಈಗಾಗಲೇ ನಮ್ಮೊಂದಿಗೆ ಜಗಳವಾಡಿದ್ದಾರೆ. ಮನೆಯಿಂದ ಟೊಪ್ಪಿ ಮತ್ತು ಕೈವಸ್ತ್ರ ತನ್ನಿ.

ಬರುವ ಆದಿತ್ಯವಾರ ಅಸರ್ ನಂತರ ಮದ್ರಸದ ಹಾಲಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬಂದು ಚರ್ಮದ ಕಾಯಿಲೆಗಳ ಬಗ್ಗೆ ಮಾತಾಡುತ್ತಾರೆ. ಮಹಿಳೆಯರಿಗೆ ಬೇರೆ ಕೋಣೆಯಲ್ಲಿ ಲೇಡಿ ಡಾಕ್ಟರ್ ಇರುತ್ತಾರೆ, ಒಬ್ಬೊಬ್ಬರಾಗಿ ಕೇಳಬಹುದು. ಯಾರ ಮನೆಯಲ್ಲಾದರೂ ಗುಳ್ಳೆ ಎದ್ದವರಿದ್ದು ಆಸ್ಪತ್ರೆಗೆ ಹೋಗಲು ಅಳುಕಿದರೆ ನಮಗೆ ಫೋನ್ ಮಾಡಿ, ಇಶಾ ನಂತರವಾದರೂ ಸರಿ. ಜೊತೆಗೆ ನಾವೇ ಬರುತ್ತೇವೆ. ಹೆಸರು ಜಮಾಅತ್ ಕಮಿಟಿಗೂ ತಿಳಿಯುವುದಿಲ್ಲ.